ಕಾಲದ ಬಾಗಿಲು, 1930ರ ಅಂಕೋಲೆ ಮತ್ತು ಅಹಿಂಸೆಯ ಪರೀಕ್ಷೆ

ಇತಿಹಾಸವನ್ನು ಓದುವವರ ಮನಸ್ಸಿನಲ್ಲಿ ಒಮ್ಮೆಯಾದರೂ ಮೂಡುವ ಪ್ರಶ್ನೆಯೊಂದಿದೆ. ಆದದ್ದು ಹಾಗಾಗದೆ ಬೇರೊಂದು ರೀತಿಯಲ್ಲಿ ಆಗಿದ್ದರೆ ಮುಂದೇನಾಗುತ್ತಿತ್ತು? 1565ರ ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರವು ಸೋಲದೆ ಉಳಿದಿದ್ದರೆ, ಪೋರ್ಚುಗೀಸರ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬಾರದೆ ಇದ್ದಿದ್ದರೆ ಎಂದು ಮುಂತಾಗಿ ನಾವು ಊಹಿಸುತ್ತೇವೆ. ಇಂಥ ಊಹೆಗಳಿಂದ ಇತಿಹಾಸದ ಒಂದಕ್ಷರವೂ ಬದಲಾಗದು. ಆದರೆ ಊಹಿಸುವವನು ಯಾವುದನ್ನು ಒಳಿತೆಂದು ಬಗೆದಿದ್ದಾನೆ, ಯಾರ ಪ್ರಾಣಕ್ಕೆ ಎಷ್ಟು ಬೆಲೆ ಕಟ್ಟಿದ್ದಾನೆ ಎಂಬುದು ಅವುಗಳಿಂದ ಬೆಳಕಿಗೆ ಬರುತ್ತದೆ.

ನಮ್ಮ ಸಮಾಜಕ್ಕೆ ಇದು ಕೇವಲ ಕುತೂಹಲದ ವಿಷಯವಲ್ಲ. ಅಹಿಂಸೆಯನ್ನು ಬೋಧಿಸಿದವರಿಂದಲೇ ದೇಶವು ದುರ್ಬಲವಾಯಿತು, ಶಾಂತಿಯ ಮಾತು ಶತ್ರುವಿಗೆ ಅನುಕೂಲವಾಯಿತು ಎಂಬ ಆಕ್ಷೇಪ ಬಹುಕಾಲದಿಂದ ಕೇಳಿಬರುತ್ತಿದೆ. ಈಗ ಈ ಮಾತನ್ನು ಹೊರಗಿನವರಷ್ಟೇ ಅಲ್ಲ, ನಮ್ಮ ಮನೆಯ ಮಕ್ಕಳೇ ಆಡುತ್ತಾರೆ. ಅವರಿಗೆ ಗದರಿಕೆಯಿಂದಲ್ಲ, ಇತಿಹಾಸದ ಆಧಾರದಿಂದ ಉತ್ತರ ಹೇಳುವುದು ಹಿರಿಯರ ಕರ್ತವ್ಯ. ಈ ಆಕ್ಷೇಪವನ್ನು ಅತ್ಯಂತ ತೀಕ್ಷ್ಣವಾಗಿ ಮುಂದಿಟ್ಟದ್ದು, ವಿಚಿತ್ರವೆನಿಸಿದರೂ, ಒಂದು ಅಮೆರಿಕನ್ ದೂರದರ್ಶನ ಧಾರಾವಾಹಿಯ ಕಂತು. ಅದನ್ನೇ ನಿಮಿತ್ತವಾಗಿಟ್ಟುಕೊಂಡು, ನಮ್ಮ ಕಾರವಾರ ಅಂಕೋಲೆಗಳ ಸೀಮೆಯಲ್ಲಿ ನಡೆದ ಸಂಗತಿಗಳೊಡನೆ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಕಥೆಯ ಸಾರಾಂಶ

'ಸ್ಟಾರ್ ಟ್ರೆಕ್' ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯನ್ನು 1980ರ ದಶಕದಲ್ಲಿ ನಮ್ಮ ದೂರದರ್ಶನವೂ ಪ್ರಸಾರ ಮಾಡಿತ್ತು. ಅದರಲ್ಲಿ 'ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್' ಎಂಬ ಕಂತು ಅಮೆರಿಕದಲ್ಲಿ ಮೊದಲು ಪ್ರಸಾರವಾದದ್ದು 1967ರ ಏಪ್ರಿಲ್ 6ರಂದು. ಬರೆದವರು ಹಾರ್ಲನ್ ಎಲಿಸನ್ ಎಂಬ ಲೇಖಕರು. ಆ ಬರವಣಿಗೆಯನ್ನು ಬಳಿಕ ಇತರರು ಬಹಳಷ್ಟು ತಿದ್ದಿದರು.

ಕಥೆ ಹೀಗಿದೆ. ಆಕಾಶನೌಕೆಯೊಂದರ ವೈದ್ಯ ಮೆಕಾಯ್ ಔಷಧದ ಅವಘಡದಿಂದ ಬುದ್ಧಿ ಕದಡಿ, ದೂರದ ಗ್ರಹವೊಂದರಲ್ಲಿರುವ ಕಾಲದ ಬಾಗಿಲಿನೊಳಗೆ ಹಾರಿ ಭೂತಕಾಲವನ್ನು ಸೇರುತ್ತಾನೆ. ಅಲ್ಲಿ ಅವನು ಮಾಡಿದ ಏನೋ ಒಂದು ಕೆಲಸದಿಂದ ಇತಿಹಾಸವೇ ಬದಲಾಗಿ, ಇವರ ನೌಕೆಯೇ ಇಲ್ಲದಂತಾಗುತ್ತದೆ. ಅದನ್ನು ಸರಿಪಡಿಸಲು ನಾಯಕ ಕರ್ಕ್ ಮತ್ತು ಅವನ ಸಹಾಯಕ ಸ್ಪಾಕ್ ಇಬ್ಬರೂ ಅದೇ ಬಾಗಿಲಿನಿಂದ 1930ರ ನ್ಯೂಯಾರ್ಕ್ ನಗರಕ್ಕೆ ಬರುತ್ತಾರೆ. ಅದು ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದ ಬಡವರಿಗೆ ಊಟವಿಕ್ಕುವ ಈಡಿತ್ ಕೀಲರ್ ಎಂಬ ಯುವತಿ ಅವರಿಗೆ ಆಶ್ರಯ ಕೊಡುತ್ತಾಳೆ. ಆಕೆ ಶಾಂತಿವಾದಿ, ಮನುಷ್ಯನು ಯುದ್ಧಕ್ಕೆ ಸುರಿಯುವ ಹಣವನ್ನು ಮುಂದೊಂದು ದಿನ ಹಸಿವು, ರೋಗಗಳ ನಿವಾರಣೆಗೆ ಬಳಸುತ್ತಾನೆಂದು ನಂಬಿದವಳು. ಕರ್ಕ್‌ಗೆ ಆಕೆಯಲ್ಲಿ ಪ್ರೀತಿ ಹುಟ್ಟುತ್ತದೆ.

ಸ್ಪಾಕ್ ತನ್ನ ಯಂತ್ರದಿಂದ ಮುಂದಿನ ಇತಿಹಾಸದ ಎರಡು ದಾರಿಗಳನ್ನು ಕಾಣುತ್ತಾನೆ. ಒಂದರಲ್ಲಿ ಈಡಿತ್ 1930ರಲ್ಲೇ ರಸ್ತೆ ಅಪಘಾತದಲ್ಲಿ ಸಾಯುತ್ತಾಳೆ. ಇನ್ನೊಂದರಲ್ಲಿ ಬದುಕುಳಿದು, 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರನ್ನು ಭೇಟಿಯಾಗುವಷ್ಟು ದೊಡ್ಡ ಶಾಂತಿ ಚಳವಳಿಯನ್ನು ಕಟ್ಟುತ್ತಾಳೆ. ಆ ಚಳವಳಿಯಿಂದ ಅಮೆರಿಕವು ಎರಡನೆಯ ಮಹಾಯುದ್ಧಕ್ಕೆ ಇಳಿಯುವುದು ತಡವಾಗಿ, ಹಿಟ್ಲರನ ಜರ್ಮನಿ ಮೊದಲು ಅಣುಬಾಂಬು ತಯಾರಿಸಿ ಜಗತ್ತನ್ನೇ ಗೆಲ್ಲುತ್ತದೆ. ಆಕೆಯ ತತ್ತ್ವ ಸರಿ, ಆದರೆ ಕಾಲ ಸರಿಯಲ್ಲ ಎಂಬುದು ಸ್ಪಾಕ್‌ನ ತೀರ್ಪು. ಕೊನೆಯಲ್ಲಿ ವಾಹನವೊಂದು ಈಡಿತ್‌ಳ ಮೇಲೆ ಬರುವಾಗ ಮೆಕಾಯ್ ಆಕೆಯನ್ನು ಉಳಿಸಲು ಓಡುತ್ತಾನೆ. ಕರ್ಕ್ ಅವನನ್ನು ಹಿಡಿದು ನಿಲ್ಲಿಸುತ್ತಾನೆ. ಆಕೆ ಸಾಯುತ್ತಾಳೆ, ಇತಿಹಾಸವು ಹಳೆಯ ದಾರಿಗೆ ಮರಳುತ್ತದೆ. ಎಲಿಸನ್ ಮೊದಲು ಬರೆದ ರೂಪದಲ್ಲಾದರೋ ಕರ್ಕ್‌ಗೆ ಆಕೆಯನ್ನು ಸಾವಿಗೆ ಬಿಡುವ ಮನಸ್ಸಾಗದು, ತಡೆಯುವವನು ಸ್ಪಾಕ್. ಈ ಬದಲಾವಣೆ ಗಮನಾರ್ಹವಾದದ್ದು.

ಕಥೆ ಬಂದ ಕಾಲ

ಈ ಕಂತು ಪ್ರಸಾರವಾದಾಗ ಅಮೆರಿಕವು ವಿಯೆಟ್ನಾಂ ಯುದ್ಧದಲ್ಲಿ ಮುಳುಗಿತ್ತು. ಅದಕ್ಕೆ ಕೇವಲ ಎರಡು ದಿನ ಮೊದಲು, 1967ರ ಏಪ್ರಿಲ್ 4ರಂದು, ಅದೇ ನ್ಯೂಯಾರ್ಕ್ ನಗರದ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಆ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ್ದರು. ಗಾಂಧೀಜಿಯವರ ಮಾರ್ಗವನ್ನು ಅನುಸರಿಸಿದ ಅವರನ್ನು ಹೊಗಳುತ್ತಿದ್ದ ಪತ್ರಿಕೆಗಳೇ ಆಗ ಅವರನ್ನು ಟೀಕಿಸಿದವು. ಸರಿಯಾಗಿ ಒಂದು ವರ್ಷದ ಬಳಿಕ, 1968ರ ಏಪ್ರಿಲ್ 4ರಂದು, ಅವರ ಹತ್ಯೆಯಾಯಿತು. ಶಾಂತಿಯ ಮಾತಿಗೆ ಇದು ಕಾಲವಲ್ಲ ಎಂಬ ವಾದವು ಕಥೆಯಲ್ಲಿ ಮಾತ್ರ ಇರುವಂಥದ್ದಲ್ಲ, ಯುದ್ಧ ನಡೆಯುವಾಗಲೆಲ್ಲ ಕೇಳಿಬರುವಂಥದ್ದು ಎಂಬುದಕ್ಕೆ ಇದೊಂದು ನಿದರ್ಶನ.

ಕಥೆಯ ಇತಿಹಾಸ ಎಷ್ಟು ನಿಜ?

1930ರ ದಶಕದ ಅಮೆರಿಕದಲ್ಲಿ ಬಲವಾದ ಯುದ್ಧವಿರೋಧಿ ಅಭಿಪ್ರಾಯವಿದ್ದದ್ದು ನಿಜ. 1935, 1936 ಮತ್ತು 1937ರಲ್ಲಿ ತಟಸ್ಥ ನೀತಿಯ ಕಾನೂನುಗಳು ಅಲ್ಲಿ ಜಾರಿಗೆ ಬಂದವು. ಆದರೆ ಆ ಅಭಿಪ್ರಾಯವನ್ನು ಒಬ್ಬ ಮಹಿಳೆ ಹುಟ್ಟಿಸಿದ್ದಲ್ಲ. ಮೊದಲನೆಯ ಮಹಾಯುದ್ಧದ ನೋವು, ವ್ಯಾಪಾರದ ಹಿತ, ಪರರ ಜಗಳ ನಮಗೇಕೆಂಬ ಉದಾಸೀನ, ಇವೆಲ್ಲ ಅದರಲ್ಲಿ ಬೆರೆತಿದ್ದವು. 1941ರ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಡಿಸೆಂಬರ್ 11ರಂದು ಜರ್ಮನಿಯೇ ಅಮೆರಿಕದ ಮೇಲೆ ಯುದ್ಧ ಸಾರಿತು. ಎಂಥ ಚಳವಳಿಯಿದ್ದರೂ ಈ ಎರಡು ಘಟನೆಗಳನ್ನು ತಡೆಯುವುದು ಅದರ ಕೈಯಲ್ಲಿರಲಿಲ್ಲ.

ಈಡಿತ್‌ಳನ್ನು ಹೋಲುವ ನಿಜವಾದ ವ್ಯಕ್ತಿಯೊಬ್ಬರು ಆ ದೇಶದಲ್ಲಿದ್ದರು. ಅವರು ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ ಜೀನೆಟ್ ರಾಂಕಿನ್. 1917ರಲ್ಲಿ ಯುದ್ಧದ ವಿರುದ್ಧ ಮತ ಹಾಕಿದ ಅವರು 1941ರ ಡಿಸೆಂಬರ್ 8ರಂದು ಮತ್ತೆ ವಿರುದ್ಧವಾಗಿಯೇ ಮತ ಹಾಕಿದರು. ಆ ದಿನ ಯುದ್ಧದ ಪರವಾಗಿ 388 ಮತಗಳು, ವಿರುದ್ಧವಾಗಿ ಅವರದೊಂದೇ. ಗಾಂಧೀಜಿಯವರ ವಿಚಾರಗಳಿಂದ ಪ್ರಭಾವಿತರಾದ ಅವರು ಮುಂದೆ ಹಲವು ಬಾರಿ ಭಾರತಕ್ಕೂ ಬಂದರು. ಅವರ ಒಂದು ಮತದಿಂದ ಯುದ್ಧ ನಿಲ್ಲಲಿಲ್ಲ, ಹಿಟ್ಲರನೂ ಗೆಲ್ಲಲಿಲ್ಲ. ಅವರು 1973ರವರೆಗೆ ಬದುಕಿದ್ದರು; ಇತಿಹಾಸವನ್ನು ಉಳಿಸಲು ಅವರು ಸಾಯಬೇಕಾಗಲಿಲ್ಲ.

ಇನ್ನು ಅಣುಬಾಂಬಿನ ಮಾತು. ಯುರೇನಿಯಂ ಅಣುವನ್ನು ಒಡೆಯಬಹುದೆಂಬುದು ತಿಳಿದದ್ದು 1938ರ ಡಿಸೆಂಬರಿನಲ್ಲಿ ಬರ್ಲಿನ್ ನಗರದಲ್ಲಿಯೇ. ಆದರೂ ಜರ್ಮನಿ ಹಿಂದುಳಿಯಿತು. ಅದರ ಶ್ರೇಷ್ಠ ವಿಜ್ಞಾನಿಗಳಲ್ಲಿ ಅನೇಕರು ಯೆಹೂದ್ಯರೆಂಬ ಕಾರಣಕ್ಕೆ ದೇಶ ಬಿಡಬೇಕಾಗಿ ಬಂದಿತ್ತು. ದ್ವೇಷವೇ ದ್ವೇಷಿಸುವವನ ಬಲವನ್ನು ಕುಗ್ಗಿಸಿದ ಈ ಸಂಗತಿ ಕಥೆಯ ಲೆಕ್ಕದಲ್ಲಿಲ್ಲ. ಬಾಂಬನ್ನು ಮೊದಲು ತಯಾರಿಸಿದ ಅಮೆರಿಕವು ಅದನ್ನು 1945ರ ಆಗಸ್ಟ್ 6 ಮತ್ತು 9ರಂದು ಹಿರೋಶಿಮಾ, ನಾಗಸಾಕಿಗಳ ಮೇಲೆ ಹಾಕಿತು. ಆ ವರ್ಷ ಮುಗಿಯುವುದರೊಳಗೆ ಒಂದು ಲಕ್ಷಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಸರಿದಾರಿಗೆ ಬಂದ ಇತಿಹಾಸವೆಂದು ಕಥೆಯು ಹೇಳುವ ಇತಿಹಾಸದಲ್ಲಿ ಇವರೆಲ್ಲರೂ ಸೇರಿದ್ದಾರೆ. ವ್ಯಾಪಾರಿಗಳಿಗೆ ಇದು ಬೇಗ ಅರ್ಥವಾದೀತು. ಖರ್ಚಿನ ಕೆಲವು ಕಲಮುಗಳನ್ನು ಬರೆಯದೆ ಬಿಟ್ಟು ಲಾಭ ತೋರಿಸಿದ ಜಮಾಖರ್ಚನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಅದೇ ವರ್ಷ, ನಮ್ಮ ಕರಾವಳಿಯಲ್ಲಿ

ಕಥೆಗಾರನು ಆರಿಸಿಕೊಂಡ 1930ನೆಯ ವರ್ಷವು ನಮ್ಮ ಜಿಲ್ಲೆಗೂ ಮಹತ್ತ್ವದ್ದು. ಆ ವರ್ಷದ ಮಾರ್ಚ್ 12ರಂದು ಗಾಂಧೀಜಿಯವರು ಸಾಬರಮತಿ ಆಶ್ರಮದಿಂದ ದಂಡಿಗೆ ಹೊರಟರು. ಏಪ್ರಿಲ್ 13ರಂದು ಅಂಕೋಲೆಯ ಕಡಲ ತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಸಾವಿರಾರು ಜನರು ಸೇರಿದ್ದ ಆ ಸತ್ಯಾಗ್ರಹದಿಂದ ಅಂಕೋಲೆಯ ಹೆಸರು ಕರ್ನಾಟಕದಲ್ಲೆಲ್ಲ ಹರಡಿತು. ಅದರ ಬೆನ್ನಿಗೆ ಅಂಕೋಲೆ ಮತ್ತು ಸಿದ್ದಾಪುರ ತಾಲ್ಲೂಕುಗಳ ರೈತರು ಕರನಿರಾಕರಣೆಯನ್ನು ಕೈಗೊಂಡರು. ಸರ್ಕಾರವು ಹೊಲಗದ್ದೆ, ದನಕರು, ಪಾತ್ರೆ ಪಗಡಿಗಳನ್ನು ಜಪ್ತಿ ಮಾಡಿ ಹರಾಜು ಹಾಕಿತು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ, ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಮಹಿಳೆಯರು ಉಪವಾಸ ಕುಳಿತರು. ಬೈಗುಳವಿಲ್ಲ, ಕಲ್ಲೆಸೆತವಿಲ್ಲ, ತಮ್ಮ ದೇಹವನ್ನು ದಣಿಸಿ ಕೊಂಡವನ ಮನಸ್ಸನ್ನು ತಿದ್ದುವ ಪ್ರಯತ್ನ ಅದು.

ಆ ರೈತರಿಗೆ ಮುಂದೇನಾಗುವುದೆಂಬುದು ಗೊತ್ತಿರಲಿಲ್ಲ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದು, 1938ರಲ್ಲಿ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಕಾನೂನಾಗುವುದೆಂದು ಯಾರೂ ಅವರಿಗೆ ಭವಿಷ್ಯ ತೋರಿಸಿರಲಿಲ್ಲ. ಹೊಲ ಹೋದ ದಿನ ಅದು ಶಾಶ್ವತವಾಗಿಯೇ ಹೋಯಿತೆಂದು ತಿಳಿದು ಅವರು ನಡೆದುಕೊಂಡರು. ಕಾಲದ ಬಾಗಿಲಿನಿಂದ ಬಂದವನು ನ್ಯೂಯಾರ್ಕಿಗೆ ಹೋಗದೆ ಅಂಕೋಲೆಗೆ ಬಂದಿದ್ದರೆ, ಕಾಲ ಸರಿಯಲ್ಲವೆಂದು ಇವರಿಗೂ ಹೇಳುತ್ತಿದ್ದನೋ ಏನೋ.

ಇಲ್ಲಿ ಒಂದು ಸಂದೇಹಕ್ಕೆ ಎಡೆಯಿದೆ. ಅಂಕೋಲೆಯಲ್ಲಿ ಅಹಿಂಸೆ ಫಲಿಸಿತು, ಎಲ್ಲ ಕಡೆಯೂ ಫಲಿಸೀತೇ? ಇದಕ್ಕೆ ಉತ್ತರವೂ ಇದೇ ಕರಾವಳಿಯಲ್ಲಿದೆ.

ಅಂಜದೀವದ ಗುಂಡುಗಳು

ನಮ್ಮ ಕೋಡಿಬಾಗವು ಕಾಳಿ ನದಿಯು ಕಡಲನ್ನು ಸೇರುವಲ್ಲಿದೆ. ಸೇತುವೆ ದಾಟಿ ಸದಾಶಿವಗಡ, ಮಾಜಾಳಿಗಳನ್ನು ಹಾದರೆ ಗೋವೆಯ ಗಡಿ. ಇತ್ತ ಕಾರವಾರ ಬಂದರನ್ನು ದಾಟಿ ದಕ್ಷಿಣಕ್ಕೆ ಹೋದರೆ ಕಡಲಿನಲ್ಲಿ ಅಂಜದೀವ ದ್ವೀಪ. 1498ರಲ್ಲಿ ವಾಸ್ಕೊ ಡ ಗಾಮನು ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲು ತೊಡಗಿದ ಈ ದ್ವೀಪವು, ಭಾರತವು ಸ್ವತಂತ್ರವಾದ ಮೇಲೂ ಅವರ ಕೈಯಲ್ಲಿಯೇ ಉಳಿದಿತ್ತು.

ಗೋವೆಯ ಬಿಡುಗಡೆಗೆ ಮೊದಲು ನಡೆದದ್ದು ಅಹಿಂಸೆಯ ಹೋರಾಟವೇ. 1946ರ ಜೂನ್ 18ರಂದು ಮಡಗಾವಿನಲ್ಲಿ ರಾಮಮನೋಹರ ಲೋಹಿಯಾ ಅವರು ನಿಷೇಧವನ್ನು ಮುರಿದು ಸಭೆ ನಡೆಸಿದರು. 1955ರ ಆಗಸ್ಟ್ 15ರಂದು ನಿರಾಯುಧರಾದ ಸಾವಿರಾರು ಸತ್ಯಾಗ್ರಹಿಗಳು ಗಡಿ ದಾಟಿದಾಗ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನರು ಮಡಿದರು. ಆ ಬಳಿಕ ಭಾರತ ಸರ್ಕಾರವೇ ಇಂಥ ಪ್ರವೇಶವನ್ನು ತಡೆಯಿತು. ಸಲಜಾರನ ಆಡಳಿತದ ಮನಸ್ಸು ಕರಗಲಿಲ್ಲವೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

1961ರ ನವೆಂಬರಿನಲ್ಲಿ ಅಂಜದೀವದ ಬಳಿ ಹಾದುಹೋಗುತ್ತಿದ್ದ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಿಂದ ಗುಂಡುಗಳು ಹಾರಿದವು. ಆ ಹಡಗಿನ ಹೆಸರು 'ಸಾಬರಮತಿ'. ಅದೇ ತಿಂಗಳಲ್ಲಿ ಮೀನುಗಾರರೊಬ್ಬರು ಗುಂಡಿಗೆ ಬಲಿಯಾದರು. ಡಿಸೆಂಬರ್ 18ರಂದು ಭಾರತೀಯ ಸೇನೆಯ ಕಾರ್ಯಾಚರಣೆ ಆರಂಭವಾಯಿತು. ಅಂಜದೀವಕ್ಕೆ 'ತ್ರಿಶೂಲ್' ಮತ್ತು 'ಮೈಸೂರು' ಎಂಬ ಯುದ್ಧನೌಕೆಗಳು ಹೋದವು. ದ್ವೀಪದಲ್ಲಿ ಬಿಳಿಯ ಬಾವುಟ ಕಂಡ ಬಳಿಕ ಇಳಿಯುತ್ತಿದ್ದವರ ಮೇಲೆ ಗುಂಡು ಹಾರಿತೆಂದು ನೌಕಾಪಡೆಯ ವೃತ್ತಾಂತ ಹೇಳುತ್ತದೆ. ಅಲ್ಲಿ ನಮ್ಮ ಏಳು ಮಂದಿ ನೌಕಾಸೈನಿಕರು ಪ್ರಾಣ ಕೊಟ್ಟರು. ಒಟ್ಟು ಕಾರ್ಯಾಚರಣೆಯಲ್ಲಿ ಎರಡೂ ಕಡೆ ಸೇರಿ ಸತ್ತವರು ಸುಮಾರು ಐವತ್ತು ಜನ.

ಈ ಸಂಖ್ಯೆ ಅಷ್ಟಕ್ಕೆ ನಿಂತುದರ ಹಿಂದೆ ಒಬ್ಬ ಮನುಷ್ಯನ ನಿರ್ಧಾರವಿದೆ. ಗೋವೆಯ ಕೊನೆಯ ಗವರ್ನರ್ ಜನರಲ್ ವಾಸ್ಸಾಲೊ ಇ ಸಿಲ್ವಾ ಅವರಿಗೆ ಡಿಸೆಂಬರ್ 14ರಂದು ಸಲಜಾರನಿಂದ ಸಂದೇಶ ಬಂದಿತ್ತು. ಶರಣಾಗತಿಯ ಮಾತೇ ಇಲ್ಲ. ಗೆದ್ದ ಸೈನಿಕರು ಇರಬೇಕು, ಇಲ್ಲವೇ ಸತ್ತ ಸೈನಿಕರು ಇರಬೇಕು ಎಂಬುದು ಅದರ ತಾತ್ಪರ್ಯ. ಆ ಆಜ್ಞೆಯನ್ನು ಪಾಲಿಸಿದ್ದರೆ ಅವರ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನರೂ, ಅವರೊಡನೆ ಗೋವೆಯ ಊರುಗಳೂ ನಾಶಕ್ಕೆ ಗುರಿಯಾಗುತ್ತಿದ್ದವು. ಅವರು ಪಾಲಿಸಲಿಲ್ಲ. ಡಿಸೆಂಬರ್ 19ರ ಸಂಜೆ ಶರಣಾಗತಿಗೆ ಸಹಿ ಮಾಡಿದರು. ಸ್ವದೇಶಕ್ಕೆ ಮರಳಿದಾಗ ಅವರಿಗೆ ದೊರೆತದ್ದು ಅವಮಾನ. 1963ರಲ್ಲಿ ಅವರನ್ನು ಸೈನ್ಯದಿಂದ ಹೊರಹಾಕಲಾಯಿತು. 1974ರಲ್ಲಿ ಪೋರ್ಚುಗಲ್ಲಿನ ಸರ್ವಾಧಿಕಾರ ಉರುಳಿದ ಬಳಿಕವೇ ಅವರ ಸ್ಥಾನ ಅವರಿಗೆ ಮರಳಿ ಬಂದದ್ದು. ಅವರು ಅಹಿಂಸಾವ್ರತಿಯಲ್ಲ, ವಸಾಹತಿನ ಅಧಿಕಾರಿ. ಸಲಜಾರನು ಇಟ್ಟದ್ದು ರಾಜ್ಯದ ಮಾನದ ಲೆಕ್ಕ. ಅವರು ನೋಡಿದ್ದು ಕಣ್ಣೆದುರಿಗಿದ್ದ ಜೀವಗಳನ್ನು. 1974 ಬರುವುದೆಂದು ಅವರಿಗೂ ಗೊತ್ತಿರಲಿಲ್ಲ.

ಶಾಸ್ತ್ರದೃಷ್ಟಿಯಲ್ಲಿ

ಅನೇಕರನ್ನು ಉಳಿಸಲು ಒಬ್ಬರನ್ನು ಬಲಿಕೊಡಬಹುದೇ ಎಂಬ ಪ್ರಶ್ನೆ ದೂರದರ್ಶನದವರು ಕಂಡುಹಿಡಿದದ್ದಲ್ಲ. ಅಮೃತಚಂದ್ರಾಚಾರ್ಯರು ಸುಮಾರು ಸಾವಿರ ವರ್ಷಗಳ ಹಿಂದೆಯೇ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಇದನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಒಂದು ಹಿಂಸ್ರ ಜೀವಿಯನ್ನು ಕೊಂದರೆ ಬಹು ಜೀವಿಗಳು ಉಳಿಯುತ್ತವೆಂಬ ವಾದವನ್ನು ಅವರು ಒಪ್ಪುವುದಿಲ್ಲ. ಹಿಂಸ್ರ ಜೀವಿಗೇ ಈ ನಿಯಮವಾದರೆ, ಹಸಿದವರಿಗೆ ಊಟವಿಕ್ಕುವ ನಿರಪರಾಧಿಯ ವಿಷಯದಲ್ಲಿ ಹೇಳಬೇಕಾದದ್ದೇನು? ಕರ್ಕ್ ತಾನು ಕೊಲ್ಲಲಿಲ್ಲ, ಉಳಿಸುವವನನ್ನು ತಡೆದನಷ್ಟೆ ಎಂಬ ಸಮಾಧಾನವೂ ನಮ್ಮಲ್ಲಿ ಸಲ್ಲದು. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ದೋಷಗಳೇ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಪ್ರಮಾದದಿಂದ ಆರಂಭಿಸಿ ಹೇಳುತ್ತದೆ. ಅಂದರೆ ಮೊದಲು ನೋಡಬೇಕಾದದ್ದು ಮಾಡುವವನ ಆ ಕ್ಷಣದ ಭಾವವನ್ನು. ಮುಂದೆ ಬಂದೀತೆಂದು ಎಣಿಸಿದ ಫಲವನ್ನಲ್ಲ.

ಹಾಗೆಂದು ಗೃಹಸ್ಥನು ಅನ್ಯಾಯಕ್ಕೆ ತಲೆಬಾಗಬೇಕೆಂದು ಶಾಸ್ತ್ರ ಹೇಳಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ವಿಂಗಡಿಸಿ, ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದು ವಿಧಿಸಿದ್ದಾರೆ. ಆಕ್ರಮಣ ಮಾಡಿದವನನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆ ಅವನಿಗೆ ಪೂರ್ಣವಾಗಿ ತಪ್ಪದು. ಆದರೆ ಅದಕ್ಕೂ ಹಿಂಸೆಯೆಂದೇ ಹೆಸರು, ಪುಣ್ಯವೆಂದಲ್ಲ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾನಿಯಾಗಿದ್ದನು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಜೈನನು. ನಮ್ಮ ಜಿಲ್ಲೆಯ ಗೇರುಸೊಪ್ಪೆಯನ್ನು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ದೀರ್ಘಕಾಲ ಆಳಿದ, ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯು ಅವರನ್ನು ಯುದ್ಧದಲ್ಲಿ ಎದುರಿಸಿದಳು. ಅಹಿಂಸೆಯು ದೇಶವನ್ನು ದುರ್ಬಲಗೊಳಿಸಿತೆನ್ನುವವರು ಈ ಹೆಸರುಗಳನ್ನು ಓದಿಲ್ಲವೆಂದೇ ಹೇಳಬೇಕು.

ಆದ್ದರಿಂದ 1961ರಲ್ಲಿ ಸೈನ್ಯ ಹೋದದ್ದನ್ನು ನಾವು ಖಂಡಿಸಬೇಕಾಗಿಲ್ಲ. ಅದನ್ನು ಅಹಿಂಸೆಯ ಸೋಲೆಂದು ಹಿಗ್ಗುವವರ ಜೊತೆ ಸೇರಬೇಕಾಗಿಯೂ ಇಲ್ಲ. ಅಂಜದೀವದಲ್ಲಿ ಮಡಿದ ಏಳು ಜನರನ್ನು ನೆನೆಯುವಾಗ 1955ರಲ್ಲಿ ಕೈಯೆತ್ತದೆ ಮಡಿದವರನ್ನೂ ನೆನೆಯಬೇಕು. ಎರಡನ್ನೂ ಒಟ್ಟಿಗೆ ನೋಡಬಲ್ಲದ್ದೇ ಅನೇಕಾಂತ ದೃಷ್ಟಿ.

ಉಪಸಂಹಾರ

ಆ ಕಥೆಯಲ್ಲಿ ಮನಸ್ಸನ್ನು ಕಲಕುವ ಶಕ್ತಿಯಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ತೀರ್ಪು ನಿಂತಿರುವುದು ಮುಂದಾಗುವುದೆಲ್ಲ ಮೊದಲೇ ತಿಳಿದಿದೆ ಎಂಬ ಒಂದು ಕಲ್ಪನೆಯ ಮೇಲೆ. ಅಂಥ ಜ್ಞಾನ ಕೇವಲಿಗಳದು. ಸೇನಾಪತಿಗಳಿಗೂ ಮಂತ್ರಿಗಳಿಗೂ ಅದು ಇಲ್ಲ. ಇದ್ದಂತೆ ನಟಿಸಿ, ನಾಳೆಯ ಲಾಭಕ್ಕಾಗಿ ಇಂದು ಇವರು ಸಾಯಲಿ ಎಂದವರಿಂದಲೇ ಇಪ್ಪತ್ತನೆಯ ಶತಮಾನದ ಘೋರ ಕೃತ್ಯಗಳು ಹಲವು ನಡೆದವು.

ಇಂದು ಅಂಜದೀವವು 2005ರ ಮೇ 31ರಂದು ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯೊಡನೆ ಸೇರಿಕೊಂಡಿದೆ. ಆ ನೆಲೆಗಾಗಿ ಕಾರವಾರ ಅಂಕೋಲೆ ತಾಲ್ಲೂಕುಗಳ ಅನೇಕ ಕುಟುಂಬಗಳು ತಮ್ಮ ಊರನ್ನು ಬಿಟ್ಟುಕೊಟ್ಟಿವೆ. ದೇಶರಕ್ಷಣೆಯ ಖರ್ಚಿನಲ್ಲಿ ಅವರ ಪಾಲೂ ಬರೆದಿರಬೇಕು. ನಮ್ಮ ಬಸದಿಗಳ ಟ್ರಸ್ಟಿನವರೂ ಹಳೆಯ ಮನೆತನದವರೂ ತಮ್ಮಲ್ಲಿರುವ 1930ರ ದಶಕದ ವಹಿಗಳು, ಪತ್ರಗಳು, ಜಪ್ತಿಯ ನೋಟೀಸುಗಳನ್ನು ಗೆದ್ದಲಿಗೆ ಕೊಡದೆ ಕಾಪಾಡಿದರೆ ಮುಂದಿನವರಿಗೆ ಈ ಕರಾವಳಿಯ ಪೂರ್ಣ ಚರಿತ್ರೆಯನ್ನು ಬರೆಯಲು ಅನುಕೂಲವಾದೀತು.

ಕಳೆದ ಕಾಲಕ್ಕೆ ಮರಳುವ ಒಂದು ಕ್ರಮ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದೇ ಪ್ರತಿಕ್ರಮಣ. ದಿನದ ಕೊನೆಯಲ್ಲಿ ಮನಸ್ಸಿನಿಂದ ಹಿಂದಿರುಗಿ, ನಮ್ಮಿಂದ ಯಾವ ಜೀವಕ್ಕೆ ನೋವಾಯಿತೆಂದು ನೋಡುವುದು. ನಡೆದದ್ದು ಅದರಿಂದ ಬದಲಾಗದು. ಆದರೆ ಮರುದಿನ ಅದೇ ಸಂದರ್ಭ ಬಂದಾಗ, ಉಳಿಸಲು ಓಡುವವನನ್ನು ತಡೆಯದೆ ಅವನೊಡನೆ ಓಡುವ ಬುದ್ಧಿ ನಮಗೆ ಬಂದೀತು. ಮಕ್ಕಳು ಕೇಳಿದಾಗ ಇದನ್ನೇ ಹೇಳೋಣ.